ಪದದ ಮೂಲ ಹುಡುಕುವ ಬಗೆ: ‘ಓಕೆ’ಯ ಜಾಡಿನಲ್ಲಿ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತರೆ, ‘ಓಕೆ’ ಎಂಬ ಒಂದೇ ಮಾತು ಹಲವು ಅರ್ಥಗಳಲ್ಲಿ ಕೇಳಿಸುತ್ತದೆ. ಚಿಲ್ಲರೆ ಇಳಿಯುವಾಗ ಕೊಡುತ್ತೇನೆ ಎಂದ ನಿರ್ವಾಹಕನಿಗೆ ಹೇಳುವ ‘ಓಕೆ’ ಒಪ್ಪಿಗೆಯಾದರೆ, ಫೋನು ಇಡುವ ಮುನ್ನ ಹೇಳುವ ‘ಓಕೆ’ ಮಾತು ಮುಗಿಯಿತೆಂಬ ಸೂಚನೆ. ಮದುವೆಯ ಊಟ ಹೇಗಿತ್ತೆಂದು ಕೇಳಿದಾಗ ಬರುವ ‘ಓಕೆ’ಯಲ್ಲಿ ಮೆಚ್ಚುಗೆ ಕಡಿಮೆ. ಪದದ ಮೂಲ ಹುಡುಕುವವರು ಮೊದಲು ಇಂತಹ ಬಳಕೆಗಳನ್ನು, ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದರ ಸಹಿತ, ಕೇಳಿದಂತೆಯೇ ಬರೆದಿಟ್ಟುಕೊಳ್ಳಬೇಕು.

ಮುಂದೆ ಆ ಪದದ ಕುರಿತ ಕಥೆಗಳನ್ನೆಲ್ಲ ಸಂಗ್ರಹಿಸಿ. ‘ಓಕೆ’ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ನುಡಿಯಿಂದ ಬಂದಿತೆಂದು ಕೆಲವರೂ ಗ್ರೀಕ್ ಮಾತಿನಿಂದ ಬಂದಿತೆಂದು ಇನ್ನು ಕೆಲವರೂ ಹೇಳುತ್ತಾರೆ. ಕಥೆ ಎಷ್ಟೇ ಸೊಗಸಾಗಿರಲಿ, ತಾರೀಕಿನ ಸಮೇತ ಬರಹದ ಆಧಾರವಿಲ್ಲದೆ ಅದನ್ನು ಒಪ್ಪಬಾರದು.

ಆಧಾರ ಸಿಕ್ಕಿತೆಂದಾಗಲೂ ಮೂಲ ಪುಟವನ್ನು ಕಣ್ಣಾರೆ ನೋಡುವುದು ಅಗತ್ಯ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮುಂದೆ ಅಮೆರಿಕದ ಅಧ್ಯಕ್ಷನಾದ ಆಂಡ್ರ್ಯೂ ಜಾಕ್ಸನ್ನನ ಹೆಸರಿರುವ, ಟೆನೆಸಿಯ 1790ರ ನ್ಯಾಯಾಲಯದ ದಾಖಲೆಯೊಂದರಲ್ಲಿ ‘ಓ.ಕೆ.’ ಎಂದು ಬರೆದಿದೆಯೆಂದು ಬಹುಕಾಲ ನಂಬಲಾಗಿತ್ತು. ಹಸ್ತಾಕ್ಷರವನ್ನು ಎಚ್ಚರದಿಂದ ಓದಿದಾಗ ಅದು ‘ಓ.ಆರ್.’ ಎಂದು, ಅಂದರೆ ‘ದಾಖಲಿಸಲು ಆದೇಶಿಸಲಾಗಿದೆ’ ಎಂಬ ಅರ್ಥದ ‘ಆರ್ಡರ್ಡ್ ರೆಕಾರ್ಡೆಡ್’ (Ordered Recorded) ಎಂಬುದರ ಹ್ರಸ್ವರೂಪವೆಂದು ತಿಳಿಯಿತು. ಒಂದು ಅಕ್ಷರದ ತಿರುವು ತಪ್ಪಾಗಿ ಕಂಡದ್ದರಿಂದ ಪದದ ವಯಸ್ಸು ಸುಮಾರು ಅರ್ಧ ಶತಮಾನ ಹಿಂದಕ್ಕೆ ಸರಿದಿತ್ತು.

ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್ ಅವರು ಹಳೆಯ ಪತ್ರಿಕೆಗಳನ್ನು ಶೋಧಿಸಿ, 1963 ಮತ್ತು 1964ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಈ ಗೊಂದಲವನ್ನು ಬಿಡಿಸಿದರು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ‘ಓ.ಕೆ.’ ಅಚ್ಚಾಗಿತ್ತು, ಪಕ್ಕದಲ್ಲಿಯೇ ‘ಎಲ್ಲ ಸರಿ’ ಎಂಬ ಅರ್ಥದ ‘ಆಲ್ ಕರೆಕ್ಟ್’ ಎಂಬ ವಿವರಣೆಯೂ ಇತ್ತು. ಬೇಕೆಂದೇ ‘ಓಲ್ ಕೊರೆಕ್ಟ್’ (oll korrect) ಎಂದು ತಪ್ಪಾಗಿ ಬರೆದು, ಅದರ ಮೊದಲಕ್ಷರಗಳನ್ನಷ್ಟೇ ಉಳಿಸುವ ವಿನೋದ ಆಗ ಅಲ್ಲಿನ ಪತ್ರಿಕೆಗಳಲ್ಲಿ ನಡೆದಿತ್ತು. ಹಾಗೆಂದು ಪದ ಆ ದಿನವೇ ಹುಟ್ಟಿತೆನ್ನಬಾರದು. ‘ಸಿಕ್ಕಿರುವ ಅತಿ ಹಳೆಯ ಬರಹ’ ಎಂದಷ್ಟೇ ಬರೆಯಬೇಕು.

ಪದ ಏಕೆ ಬದುಕಿತೆಂಬುದನ್ನೂ ಕೇಳಿಕೊಳ್ಳಿ. ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಊರಿನವನಾದ್ದರಿಂದ, 1840ರ ಚುನಾವಣೆಯಲ್ಲಿ ಬೆಂಬಲಿಗರು ಅವನನ್ನು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು ‘ಓ.ಕೆ.’ಯನ್ನು ಘೋಷಣೆಯಾಗಿಸಿದರು. ಅವನು ಸೋತರೂ ಪದ ದೇಶವ್ಯಾಪಿಯಾಯಿತು.

ನಮ್ಮ ನುಡಿಗೆ ಪದ ಬಂದ ಕಾಲವನ್ನು ಹುಡುಕುವಾಗಲೂ ಕ್ರಮ ಇದೇ. ಮಂಗಳೂರಿನಲ್ಲಿ 1843ರಲ್ಲಿ ಆರಂಭವಾದ ‘ಮಂಗಳೂರ ಸಮಾಚಾರ’ದಿಂದ ಮೊದಲ್ಗೊಂಡು ಹಳೆಯ ಪತ್ರಿಕೆಗಳನ್ನೂ, ಕಿಟ್ಟೆಲರ 1894ರ ಕೋಶವನ್ನೂ, ಉಡುಪಿಯಲ್ಲಿ ಸಿದ್ಧವಾದ ತುಳು ನಿಘಂಟಿನ ಸಂಪುಟಗಳನ್ನೂ ನೋಡಬಹುದು. ಆಡುಮಾತು ಕೋಶಕ್ಕೆ ತಡವಾಗಿ ಸೇರುತ್ತದೆಯಾದ್ದರಿಂದ, ಅಲ್ಲಿ ಇಲ್ಲವೆಂದ ಮಾತ್ರಕ್ಕೆ ಬಳಕೆಯಲ್ಲಿ ಇರಲಿಲ್ಲವೆಂದು ತೀರ್ಮಾನಿಸಬಾರದು.

ಅಭ್ಯಾಸಕ್ಕೆ ನಾನು ಸೂಚಿಸುವ ಪದ ಅದೇ ಬಸ್ಸಿನಲ್ಲಿದೆ. ಬಾಸ್ಟನ್ನಿನ ವಿನೋದದಲ್ಲಿ ‘ಆಲ್ ರೈಟ್’ ಎಂಬುದನ್ನೂ ತಪ್ಪಾಗಿ ‘ಓಲ್ ರೈಟ್’ (oll wright) ಎಂದು ಬರೆದು ಮಾಡಿದ ‘ಓ.ಡಬ್ಲ್ಯೂ.’ ಎಂಬ ರೂಪವಿತ್ತು, ಅದು ಉಳಿಯಲಿಲ್ಲ. ಆದರೆ ನಮ್ಮ ನಿರ್ವಾಹಕ ಬಾಗಿಲಲ್ಲಿ ನಿಂತು ‘ರೈಟ್’ ಎಂದರೆ ಚಾಲಕ ಬಸ್ಸು ಹೊರಡಿಸುತ್ತಾನೆ. ‘ಸರಿ’ ಎಂಬ ಅರ್ಥದ ಮಾತು ‘ಹೊರಡು’ ಎಂದಾದ ಬಗೆಯನ್ನು, ಹಿರಿಯ ಚಾಲಕರನ್ನೂ ನಿರ್ವಾಹಕರನ್ನೂ ಕೇಳುವುದರಿಂದ ಆರಂಭಿಸಿ ಶೋಧಿಸಬಹುದು.