ಗಲ್ಲಿ ಮನೆಗೆ ಸಾಮಾನು ಸಾಗಿಸೋರಿಗೆ ಒಂದು ಸಲಹೆ

ಕಳೆದ ತಿಂಗಳು ಮೈಸೂರಿನ ಕೆ.ಆರ್. ಮೊಹಲ್ಲಾದ ಗಲ್ಲಿಯೊಂದಕ್ಕೆ ಮನೆ ಬದಲಾಯಿಸಿದ್ವಿ. ಫೋನಲ್ಲೇ ರೇಟು ಮಾತಾಡಿದ್ದು ತಪ್ಪಾಯ್ತು. ಲಾರಿ ತಿರುವಿನಲ್ಲೇ ನಿಂತುಬಿಡ್ತು, ಅಲ್ಲಿಂದ ಹೊತ್ತು ತರೋಕೆ 2,000 ರೂಪಾಯಿ ಜಾಸ್ತಿ ಕೇಳಿದ್ರು.

ಮೊದಲೇ ಟೇಪು ಹಿಡಿದು ಗಲ್ಲಿಯ ಅತಿ ಕಿರಿದಾದ ಜಾಗ ಅಳೆಯಿರಿ. ಟಾಟಾ ಏಸ್ ಅಗಲವೇ ಸುಮಾರು 5 ಅಡಿ. ಅದರ ಕನ್ನಡಿ, ನಿಲ್ಲಿಸಿರೋ ಬೈಕುಗಳು, ಚರಂಡಿ ಕಲ್ಲು ಎಲ್ಲಾ ಲೆಕ್ಕಕ್ಕೆ ತಗೊಳ್ಳಿ. ಗಲ್ಲಿಯ ವಿಡಿಯೋ ಮಾಡಿ ವಾಟ್ಸಾಪಲ್ಲಿ ಕಳಿಸಿ, ಹೊರೋ ದೂರ, ಮಹಡಿ ಎಲ್ಲಾ ಸೇರಿಸಿ ಒಂದೇ ರೇಟು ಬರೆಸ್ಕೊಳ್ಳಿ.

ರಸ್ತೆ ಇಳಿಜಾರಿದ್ರೆ ಗಾಡಿಯ ಮೂತಿ ತಗ್ಗಿನ ಕಡೆಗಿರಲಿ. ಏರಿನ ಕಡೆ ಮುಖ ಮಾಡಿ ನಿಲ್ಸಿ ಹಿಂದಿನ ಬಾಗಿಲು ಬಿಚ್ಚಿದ್ರೆ ಬೀರು, ಫ್ರಿಜ್ಜು ಜಾರಿ ಇಳಿಸೋ ಹುಡುಗರ ಮೈಮೇಲೇ ಬರುತ್ತೆ. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ, ಚಕ್ರಕ್ಕೆ ಕಲ್ಲು ಕೊಡಿಸಿ. ಅವರದ್ದೂ ಜೀವ ತಾನೇ.

ಫ್ರಿಜ್ಜನ್ನ ನಿಲ್ಲಿಸಿಯೇ ತರಿಸಿ. ಮಲಗಿಸಿ ತಂದಿದ್ರೆ ತಕ್ಷಣ ಆನ್ ಮಾಡ್ಬೇಡಿ, ಕೆಲವು ಗಂಟೆ ಹಾಗೇ ನಿಂತಿರಲಿ. ಕಂಪ್ರೆಸರ್ ಎಣ್ಣೆ ವಾಪಸ್ ಇಳೀಬೇಕು.

ದಸರಾ ಸಮಯದಲ್ಲಿ ಅರಮನೆ ಸುತ್ತ ಸಂಚಾರ ಬದಲಾಗುತ್ತೆ, ಆ ದಿನಗಳು ಬೇಡವೇ ಬೇಡ. ಬೈಕು ತೆಗೀಬೇಕು ಅಂತ ಅಕ್ಕಪಕ್ಕದವರಿಗೆ ಹಿಂದಿನ ದಿನವೇ ಹೇಳಿಡಿ.