ಹಳೇ ಜರ್ಮನ್ ಹೆಲ್ಮೆಟ್: ಅಸಲಿಯೋ, ನಕಲಿಯೋ?

ಎರಡನೇ ಮಹಾಯುದ್ಧದ ವಸ್ತುಗಳನ್ನು ಕೂಡಿಡುವವರಲ್ಲಿ ಜರ್ಮನ್ ಸೈನ್ಯದ ಉಕ್ಕಿನ ಹೆಲ್ಮೆಟ್‌ಗೆ ಬೇಡಿಕೆ ಜಾಸ್ತಿ. ಹಾಗಾಗಿ ನಕಲಿಯೂ ಜಾಸ್ತಿ. ಆನ್‌ಲೈನ್ ಹರಾಜಿನಲ್ಲಿ ಇಂಥದ್ದು ಕಂಡರೆ ‘ತಾತ ಯುದ್ಧದಿಂದ ತಂದದ್ದು’ ಎಂಬ ಕಥೆಯನ್ನು ಪಕ್ಕಕ್ಕಿಡಿ. ಅದರ ಭಾಗಗಳೆಲ್ಲ ಒಂದೇ ಕಾಲದವಾ ಅಂತ ನೋಡಿ.

ಮೊದಲು ಮಾದರಿ ಗುರುತಿಸಿ. 1935ರ ಎಂ35ರಲ್ಲಿ ಗಾಳಿಯಾಡುವ ತೂತಿಗೆ ಬೇರೆಯೇ ಬಳೆ ಕೂರಿಸಿರುತ್ತಾರೆ. 1940ರ ಎಂ40ರಲ್ಲಿ ಆ ಬಳೆಯಿಲ್ಲ, ತಗಡನ್ನೇ ಒತ್ತಿ ಉಬ್ಬಿಸಿರುತ್ತಾರೆ. 1942ರ ಎಂ42ರಲ್ಲಿ ಕೆಳಗಿನ ಅಂಚನ್ನು ಒಳಕ್ಕೆ ಮಡಚುವ ಕೆಲಸವನ್ನೇ ಬಿಟ್ಟರು. ಅಂಚು ಹೊರಕ್ಕೆ ಚಾಚಿಕೊಂಡಿರುತ್ತದೆ. ಹಿಂಬದಿಯಲ್ಲಿ ರಿವೆಟ್ ಹೊಡೆದ ಸಣ್ಣ ಕೊಂಡಿ ಇದ್ದರೆ ಅದು ಹಂಗೆರಿಯ ಎಂ38 ಇರಬಹುದು. ಹಳೆಯದೇ, ಆದರೆ ಜರ್ಮನ್ ಅಲ್ಲ.

ಈಗ ಹೆಲ್ಮೆಟ್ ಮಗುಚಿ. ಒಳಗೆ, ಸಾಮಾನ್ಯವಾಗಿ ಎಡಪಕ್ಕದಲ್ಲಿ, ಕಾರ್ಖಾನೆಯ ಗುರುತು ಮತ್ತು ಅಳತೆ ಒತ್ತಿರುತ್ತದೆ. ‘ಇಟಿ64’ ಎಂದಿದ್ದರೆ ಥಾಲೆ ಊರಿನ ಕಾರ್ಖಾನೆಯದು, ಅಳತೆ 64. ‘ಕ್ಯೂ’ ಇದ್ದರೆ ಕ್ವಿಸ್ಟ್ ಕಂಪನಿಯದು. ಹಿಂಬದಿಯ ಒಳಗೆ ಇನ್ನೊಂದು ನಂಬರ್, ಅದು ತಯಾರಿಕೆಯ ಬ್ಯಾಚ್‌ದು. 64ರ ಹೆಲ್ಮೆಟ್‌ಗೆ 56 ಅಥವಾ 57ರ ಲೈನರ್ (ತಲೆ ತಾಗುವ ಒಳಗಿನ ಚರ್ಮದ ಭಾಗ) ಕೂರುತ್ತದೆ. ಲೈನರ್‌ನ ಲೋಹದ ಪಟ್ಟಿಯ ಮೇಲೆ ಹೆಲ್ಮೆಟ್‌ನ ಅಳತೆ, ಲೈನರ್‌ನ ಅಳತೆ ಎರಡೂ ಇರುತ್ತವೆ. ಅಲ್ಲಿ 66, 59 ಅಂತ ಕಂಡರೆ ಯಾರೋ ಬದಲಾಯಿಸಿದ್ದಾರೆ ಅಂತಲೇ ಲೆಕ್ಕ.

ಲೈನರ್ ಹಿಡಿದಿರುವ ಮೂರು ರಿವೆಟ್‌ಗಳನ್ನೂ ಬಿಡಬೇಡಿ. ಒಳಗೆ ಅವುಗಳ ಕಾಲುಗಳು (ಸೀಳಿ ಬಾಗಿಸುವ ತುದಿಗಳು) ಎರಡೆರಡು ಸಲ ಬಾಗಿಸಿದ ಹಾಗಿದ್ದರೆ, ತಲೆಯ ಸುತ್ತ ಬಣ್ಣ ಹೊಸದಾಗಿ ಎದ್ದಿದ್ದರೆ, ಒಮ್ಮೆ ಬಿಚ್ಚಿ ಮತ್ತೆ ಹಾಕಿದ್ದು.

ಅತಿ ಹೆಚ್ಚು ಮೋಸ ನಡೆಯುವುದು ಪಕ್ಕದ ಲಾಂಛನದಲ್ಲಿ. ಅಸಲಿ ಹೆಲ್ಮೆಟ್‌ಗೇ ನಕಲಿ ಲಾಂಛನ ಅಂಟಿಸಿದರೆ ಬೆಲೆ ಏರುತ್ತದಲ್ವಾ? ಇಲ್ಲಿ ತಾರೀಖು ಕೈಹಿಡಿಯುತ್ತದೆ. ಭೂಸೇನೆಯ ಹೆಲ್ಮೆಟ್‌ನ ಬಲಗಡೆ ಇರುತ್ತಿದ್ದ ಮೂರು ಬಣ್ಣದ ಗುರಾಣಿಯನ್ನು 1940ರಲ್ಲೇ ನಿಲ್ಲಿಸಿದರು. ಎಡಗಡೆಯ ಹದ್ದು 1943ರಲ್ಲಿ ಹೋಯಿತು. ಅಂದಮೇಲೆ ಭೂಸೇನೆಯ ಎಂ42ರ ಎರಡೂ ಕಡೆ ಲಾಂಛನ ಮಿರಿಮಿರಿ ಮಿಂಚುತ್ತಿದ್ದರೆ, ದುಡ್ಡು ಜೇಬಲ್ಲೇ ಇರಲಿ. ಭೂತಗನ್ನಡಿ ಹಿಡಿದು ನೋಡಿ: ಬಣ್ಣಕ್ಕೆ ಗೀರು ಬಿದ್ದ ಕಡೆ ಲಾಂಛನಕ್ಕೂ ಗೀರು ಬಿದ್ದಿದೆಯಾ? ಗೀರಿನ ಮೇಲೇ ಲಾಂಛನ ಕೂತಿದ್ದರೆ ಅದು ಆಮೇಲೆ ಅಂಟಿಸಿದ್ದು.

ತುಕ್ಕು, ಚರ್ಮ ನೋಡುವುದು ಕೊನೆಗೆ. ಆಸಿಡ್ ಬಳಿದು ಬರಿಸಿದ ತುಕ್ಕು ಕಿತ್ತಳೆ ಬಣ್ಣದಲ್ಲಿ ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾಗಿ ತಲೆಗೆ ಹಾಕಿದ ಹೆಲ್ಮೆಟ್‌ನ ಚರ್ಮ ಹಣೆ ತಾಗುವಲ್ಲಿ ಬೆವರಿಗೆ ಕಪ್ಪಾಗಿರುತ್ತದೆ, ಬೇರೆ ಕಡೆ ಅಷ್ಟಿರುವುದಿಲ್ಲ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟಾಗ ಹೊಲಿಗೆಯ ದಾರ ನೀಲಿಯಾಗಿ ಹೊಳೆದರೆ ಅನುಮಾನಪಡಿ. ಆದರೆ ಡಿಟರ್ಜೆಂಟ್‌ನಲ್ಲಿ ತೊಳೆದ ಹಳೇ ದಾರವೂ ಹಾಗೇ ಹೊಳೆಯುತ್ತದೆ, ಇದೊಂದನ್ನೇ ನಂಬಬೇಡಿ.

ಕೈಯಲ್ಲಿ ಹಿಡಿದು ನೋಡಲು ಆಗದಿದ್ದರೆ ಒಳಗಿನ ಗುರುತು, ಲೈನರ್ ಪಟ್ಟಿ, ರಿವೆಟ್ ಕಾಲುಗಳ ಫೋಟೊ ಕೇಳಿ. ಕಳಿಸಲು ಸತಾಯಿಸುವವರ ಹತ್ತಿರ ವ್ಯವಹಾರ ಬೇಡ.