ಹಬ್ಬದ ಗದ್ದಲಕ್ಕೆ ಆಟಿಸಂ ಇರುವ ಮಗುವನ್ನು ಅಣಿಗೊಳಿಸುವುದು ಹೇಗೆ?

ಮನೆ ತುಂಬ ನೆಂಟರಿರುವಾಗ ಮಗು ಕಿವಿ ಮುಚ್ಚಿಕೊಂಡು ಕಿರುಚಿದರೆ ‘ಹಟ ಜಾಸ್ತಿಯಾಯಿತು’ ಎಂದು ಗದರುವವರನ್ನು ಪ್ರತಿ ಹಬ್ಬದಲ್ಲೂ ನೋಡುತ್ತೇನೆ. ಅದು ಹಟವಲ್ಲ. ಸದ್ದು, ಬೆಳಕು, ವಾಸನೆ, ಸ್ಪರ್ಶ ಎಲ್ಲವೂ ಒಮ್ಮೆಲೇ ಮೈಮೇಲೆ ಬಿದ್ದಾಗ ಮಗುವಿಗೆ ತಡೆದುಕೊಳ್ಳಲು ಆಗುವುದಿಲ್ಲ. ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಆಟಿಸಂ ಗುರುತಿಸುವ ಲಕ್ಷಣಗಳ ಸಾಲಿನಲ್ಲೇ ಈ ಅತಿಸಂವೇದನೆಯನ್ನು ಸೇರಿಸಿದೆ.

ಮೊದಲು ಚಿತ್ರಪಟ್ಟಿ ಮಾಡಿ. ದಿನದ ಕೆಲಸಗಳನ್ನು ಚಿತ್ರಗಳಾಗಿ ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ, ಮುಗಿದದ್ದನ್ನು ಮಗುವೇ ಕಿತ್ತು ತೆಗೆಯಲಿ. ‘ನೆಂಟರು ಬರುತ್ತಾರೆ’ ಎಂಬ ಚಿತ್ರ ಹಾಕಿ ‘ನೆಂಟರು ಹೋಗುತ್ತಾರೆ’ ಎಂಬುದನ್ನು ಮರೆಯುವವರೇ ಬಹಳ. ಗದ್ದಲಕ್ಕೆ ಕೊನೆಯಿದೆ ಎಂದು ತಿಳಿದರೆ ಮಗುವಿಗೆ ಅರ್ಧ ಧೈರ್ಯ. ಯೋಜನೆ ಬದಲಾದರೆ ತೋರಿಸಲು ಒಂದು ಪ್ರಶ್ನಾರ್ಥಕ ಚಿಹ್ನೆಯ ಚೀಟಿಯೂ ಇರಲಿ.

ಹೊಸ ಬಟ್ಟೆಯನ್ನು ಒಗೆದು, ಕತ್ತಿನ ಬಳಿಯ ಲೇಬಲ್ ಕತ್ತರಿಸಿ, ಮೊದಲೇ ತೊಡಿಸಿ ನೋಡಿ. ಒಲ್ಲದಿದ್ದರೆ ಹಳೆಯದೇ ಸಾಕು. ಮನೆಯ ಅಲಂಕಾರವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಮಾಡಿ.

ಸದ್ದಿಗೆ ಕಿವಿ ಪೂರ್ತಿ ಮುಚ್ಚುವ, ದಪ್ಪ ಮೆತ್ತೆಯ ಇಯರ್‌ಮಫ್ ಕೊಳ್ಳಿ. ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಒಂದೇ ಸಮನೆ ಗುಂಯ್‌ಗುಡುವ ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ, ತಟ್ಟನೆ ಎದ್ದ ಕೂಗನ್ನು ಅಷ್ಟಾಗಿ ಅಡಗಿಸುವುದಿಲ್ಲ. ಯಾವುದೇ ಆದರೂ ದಿನವಿಡೀ ಹಾಕಿಸಬೇಡಿ. ಕಿವಿಗೆ ಸಾಮಾನ್ಯ ಸದ್ದೂ ಭಾರವಾದೀತು.

ಇನ್ನು ಬಹುತೇಕರು ಎಡವುವ ಹಂತ: ಶಾಂತ ಕೋಣೆ. ಅದನ್ನು ಹಬ್ಬದ ದಿನ ಹುಡುಕಿದರೆ ತಡವಾಯಿತು. ಒಂದು ವಾರ ಮುಂಚೆಯೇ ಒಂದು ಕೋಣೆಯನ್ನೋ ಮೂಲೆಯನ್ನೋ ಗೊತ್ತು ಮಾಡಿ. ಬೆಳಕು ಮಂದವಾಗಿರಲಿ. ಮಗುವಿನ ಹಳೆಯ ಹೊದಿಕೆ, ಕೈಯಲ್ಲಿ ತಿರುಗಿಸುತ್ತಲೇ ಇರುವ ಆ ಒಂದು ಆಟಿಕೆ, ಕುಡಿಯುವ ನೀರು ಅಲ್ಲಿರಲಿ. ಮಗು ಖುಷಿಯಾಗಿರುವಾಗಲೇ ದಿನವೂ ಅಲ್ಲಿ ಜೊತೆಗೆ ಕುಳಿತುಕೊಳ್ಳಿ. ಅತ್ತಾಗ ಮಾತ್ರ ಕರೆದೊಯ್ದರೆ ಅದು ಶಿಕ್ಷೆಯ ಕೋಣೆಯಾಗಿಬಿಡುತ್ತದೆ. ಚಿಲಕ ಹಾಕಲೇಬೇಡಿ. ನೆಂಟರ ಚೀಲಗಳನ್ನು ಅಲ್ಲಿ ಪೇರಿಸಬೇಡಿ, ಹತ್ತಾರು ಜನ ಒಳಗೆ ಬಂದು ಹೋಗುತ್ತಾರೆ.

ಕರೆದೊಯ್ಯಬೇಕಾದದ್ದು ಅಳು ಶುರುವಾಗುವ ಮುನ್ನ. ಕೈ ಅಲುಗಿಸುವುದು ಜೋರಾಯಿತೇ, ಒಂದೇ ಮಾತನ್ನು ಮತ್ತೆ ಮತ್ತೆ ಆಡುತ್ತಿದೆಯೇ, ಅಂಗಿಯ ತುದಿ ಕಚ್ಚುತ್ತಿದೆಯೇ? ಪ್ರತಿ ಮಗುವಿನ ಮುನ್ಸೂಚನೆ ಬೇರೆ, ನಿಮ್ಮ ಮಗುವಿನದನ್ನು ಬರೆದಿಟ್ಟುಕೊಳ್ಳಿ. ಅಳು ಶುರುವಾಗಿಯೇ ಬಿಟ್ಟರೆ ಮಾತು ಕಡಿಮೆ ಮಾಡಿ. ‘ಏನಾಯಿತು?’ ಎಂಬ ಪ್ರಶ್ನೆಯೂ ಆಗ ಮತ್ತೊಂದು ಸದ್ದು. ಪೆಟ್ಟಾಗದಂತೆ ನೋಡಿಕೊಂಡು, ಸುಮ್ಮನೆ ಹತ್ತಿರವಿರಿ. ಸಮಾಧಾನಕ್ಕೆಂದು ಮೊಬೈಲ್ ಕೈಗಿಡುವುದು ಸುಲಭ. ಆದರೆ ಅದನ್ನು ಮರಳಿ ಪಡೆಯುವಾಗ ಎರಡನೆಯ ಅಳು ಕಾದಿರುತ್ತದೆ.

ಅಪ್ಪಿಕೊಳ್ಳುವಂತೆ, ಮುತ್ತು ಕೊಡುವಂತೆ ಯಾರೂ ಒತ್ತಾಯಿಸಬಾರದೆಂದು ಹಿರಿಯರಿಗೆ ಫೋನಿನಲ್ಲೇ ಹೇಳಿಬಿಡಿ. ಕೈ ಬೀಸಿದರೂ ಅದು ಮರ್ಯಾದೆಯೇ. ಬೇರೆಯವರ ಮನೆಗೆ ಹೋದರೆ ಮಗು ನಗುತ್ತಿರುವಾಗಲೇ ಹೊರಟುಬಿಡಿ, ‘ಇನ್ನೊಂದು ಗಳಿಗೆ’ ಎಂಬ ಉಪಚಾರಕ್ಕೆ ಸೋಲಬೇಡಿ. ಮರುದಿನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ಮಲಗುವ, ಏಳುವ ಹೊತ್ತನ್ನು ಶಾಲೆ ತೆರೆಯುವ ಕೆಲವು ದಿನ ಮೊದಲೇ ಹಳೆಯ ಸಮಯಕ್ಕೆ ತನ್ನಿ.